ನಲವತ್ತೈದು ಬೇಕು, ಒಂಬತ್ತು ಹೋಗಿದೆ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಏಳು ಗಂಟೆ. ನನ್ನ ಮನೆಯಲ್ಲಿ ಆ ಕೆಲಸಕ್ಕೆ ಅದೇ ಹೊತ್ತು. ಹನ್ನೊಂದು ಸುತ್ತು ಕೊಡಬೇಕು, ಆರು ಆಗಿತ್ತು. ಉಳಿದ ಐದನ್ನೂ ಕೊಟ್ಟು, ಸ್ಟೂಲಿನಿಂದ ಇಳಿದು, ಅಂಗಿ ಹಾಕಿಕೊಂಡು ಹೊರಟೆ. ಅವರಾಗಿದ್ದರೆ ಆರನೆಯ ಸುತ್ತಿಗೇ ಕೀಲಿಯನ್ನು ಗಡಿಯಾರದಲ್ಲೇ ಬಿಟ್ಟು ಓಡಿರುತ್ತಿದ್ದರು ಎಂದು ದಾರಿಯಲ್ಲಿ ಅನ್ನಿಸಿತು.

ಅವರನ್ನು ಮನೆಯ ಹಜಾರದಲ್ಲಿ ಮಲಗಿಸಿದ್ದರು. ಹದಿನೈದು ವರ್ಷಕ್ಕೂ ಮೀರಿದ ಪರಿಚಯದಲ್ಲಿ ಅವರು ಅಲ್ಲಾಡದೆ ಇದ್ದದ್ದನ್ನು ನಾನು ನೋಡಿದ್ದು ಎರಡೇ ಸಲ. ಇದು ಎರಡನೆಯದು. ಮೊದಲನೆಯದಕ್ಕೆ ಕಾರಣ ನಾನು. ಅದನ್ನು ಬರೆಯದೆ ಅವರ ಬಗ್ಗೆ ಬೇರೇನು ಬರೆದರೂ ಅರ್ಧವಾಗುತ್ತದೆ.

ಅವರು ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವರು. ಜಯನಗರದ ಒಂದೆರಡು ಬ್ಲಾಕು, ಯಡಿಯೂರು, ಆಮೇಲೆ ಬನಶಂಕರಿಯ ಹೊಸ ಬಡಾವಣೆ, ಕೊನೆಗೆ ಜೆ.ಪಿ. ನಗರ. ಜೆ.ಪಿ. ನಗರದಲ್ಲಿ ಆಗ ಹತ್ತು ಸೈಟಿಗೆ ಒಂದು ಮನೆ, ಮನೆಗೆ ಎರಡು ನಾಯಿ. ಅವರ ಹತ್ತಿರ ಒಂದು ಸೈಕಲ್ ಇತ್ತು. ಅದನ್ನು ತಳ್ಳಿಕೊಂಡು ನಡೆಯುತ್ತಿದ್ದರು.

"ಹತ್ತಿದ್ರೆ ಕೂತ್ಕೋಬೇಕಲ್ಲ ಸಾರ್" ಎನ್ನುತ್ತಿದ್ದರು.

ನಮ್ಮ ಮನೆಗೆ ಮೀಟರ್ ಓದಲು ಬಂದೇ ಅವರು ಪರಿಚಯವಾದದ್ದು. ನಾನು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದವನು. ಸಾವಿರಾರು ಜನ ಗೇಟಿನೊಳಗೆ ಬರುವ ಹೊತ್ತನ್ನು ಬರೆದಿಡುವುದು ನನ್ನ ಕೆಲಸ. ಅದಕ್ಕೆ ಮುಂಚೆ ಓದಿದ್ದು ಬೆಳಗಿನ ಜಾವ ನಾಲ್ಕೂವರೆಗೆ ಗಂಟೆ ಹೊಡೆಯುವ ಉಚಿತ ಹಾಸ್ಟೆಲಿನಲ್ಲಿ. ಹೀಗಾಗಿ ಅವರು ಒಂದು ತಿಂಗಳು ಬೆಳಿಗ್ಗೆ ಎಂಟಕ್ಕೆ, ಇನ್ನೊಂದು ತಿಂಗಳು ಮಧ್ಯಾಹ್ನ ಮೂರಕ್ಕೆ ಬರುವುದು ನನಗೆ ಸರಿಬರಲಿಲ್ಲ. ಒಮ್ಮೆ ಹೇಳಿಯೂಬಿಟ್ಟೆ.

"ನೀವು ಬರೋ ಹೊತ್ತಿಗೆ ಒಂದು ನಿಯಮ ಬೇಡ್ವೇನ್ರೀ?"

"ನಿಮ್ಮ ಮೀಟರ್ರು ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ಅದನ್ನ ಯಾರೂ ಕೇಳಲ್ಲ ಸಾರ್, ನನ್ನನ್ನ ಕೇಳ್ತೀರಿ" ಎಂದು ನಕ್ಕು, ಕಾರ್ಡಿನಲ್ಲಿ ಅಂಕಿ ಬರೆದು, ಅಷ್ಟರಲ್ಲಿ ಗೇಟಿನ ಹತ್ತಿರ ಇದ್ದರು.

ಕೂರಿ ಎಂದರೆ ಕೂರುವವರಲ್ಲ. ನನ್ನ ಹೆಂಡತಿ ಕಾಫಿ ಕೊಟ್ಟರೆ ನಡೆದಾಡುತ್ತ ಕುಡಿಯುತ್ತಿದ್ದರು. ಅವರು ಹೋದ ಮೇಲೆ ಲೋಟ ಕಾಂಪೌಂಡ್ ಗೋಡೆಯ ಮೇಲೂ ಬಟ್ಟಲು ಕಿಟಕಿಯಲ್ಲೂ ಸಿಗುತ್ತಿತ್ತು. ಕಾದಂಬರಿ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ, ಕಾಗದ ಬಂದರೆ ಮೊದಲು ಕೆಳಗಿನ ಸಹಿ. ಸಿನಿಮಾಕ್ಕೆ ಹೋದರೆ ಇಂಟರ್‌ವೆಲ್ಲಿನಲ್ಲಿ ಗೇಟಿನವನ ಹತ್ತಿರ ಕೊನೆಗೆ ಏನಾಗುತ್ತದೆಂದು ಕೇಳಿಕೊಂಡು ಮನೆಗೆ ಬಂದುಬಿಡುವುದು. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ಇವರನ್ನ ಕೂರಿಸಿ ಊಟ ಹಾಕಿದ್ದು ಮದುವೆ ದಿನ ಒಂದೇ ಅಣ್ಣ. ಅವತ್ತೂ ಪಾಯಸ ಬರೋಕೆ ಮುಂಚೇನೇ ಎದ್ರು."

ಆದರೆ ಕೆಲಸದಲ್ಲಿ ಅವರದು ಬೇರೆಯೇ ಸ್ವಭಾವ. ಮನೆಗೆ ಬೀಗ ಹಾಕಿದ್ದರೆ ಮೀಟರ್ ಓದುವವರು ಪುಸ್ತಕದಲ್ಲಿ 'ಬಾಗಿಲು ಹಾಕಿದೆ' ಎಂದು ಬರೆಯಬೇಕು. ಕೆಲವರು ಆ ತೊಂದರೆಯನ್ನೂ ತೆಗೆದುಕೊಳ್ಳದೆ ಹಿಂದಿನ ತಿಂಗಳ ಅಂಕಿ ನೋಡಿ ಒಂದು ಅಂದಾಜು ಬರೆದು ಮುಂದೆ ಹೋಗುತ್ತಿದ್ದರು. ಇವರು ಅಂದಾಜು ಬರೆದವರಲ್ಲ. ಎರಡು ಸಲ, ಮೂರು ಸಲ ತಿರುಗಿ ಹೋಗುತ್ತಿದ್ದರು. ಆಗಲೂ ಬೀಗವಿದ್ದರೆ 'ಬಾಗಿಲು ಹಾಕಿದೆ' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು.

"ಅಂದಾಜು ಬರೆದ್ರೆ ಸುಳ್ಳು. ಬಾಗಿಲು ಹಾಕಿದೆ ಅಂತ ಬರೆದ್ರೆ ಅದು ನಿಜ ತಾನೆ? ನೋಡಿಲ್ಲ, ಅಷ್ಟೆ" ಎನ್ನುತ್ತಿದ್ದರು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಕ್ರಿಕೆಟ್. ಜಯನಗರಕ್ಕೂ ಯಡಿಯೂರು ಕೆರೆಗೂ ನಡುವೆ ಆಗ ಒಂದು ಬಯಲಿತ್ತು. ಹುಲ್ಲಿಲ್ಲ, ನೆರಳಿಲ್ಲ, ಬರೀ ಕೆಂಪು ಮಣ್ಣು. ಅಲ್ಲಿ ಭಾನುವಾರ ಆಡುತ್ತಿದ್ದ ಒಂದು ಸಣ್ಣ ಕ್ಲಬ್ಬಿಗೆ ಅವರೇ ಎಲ್ಲ. ಆಡುವ ವಯಸ್ಸು ದಾಟಿತ್ತು. ಮ್ಯಾಟಿನ ಯಜಮಾನಿಕೆ ಮಾತ್ರ ಅವರದು. ಪಿಚ್ಚಿಗೆ ನೀರು ಹಾಕಿ ರೋಲರ್ ಎಳೆದು, ಅದರ ಮೇಲೆ ತೆಂಗಿನ ನಾರಿನ ಮ್ಯಾಟು ಹಾಸಿ, ಸುತ್ತಲೂ ಮೊಳೆ ಹೊಡೆದು ಆಡುವ ಕಾಲ ಅದು. ಆ ಮ್ಯಾಟಿನ ಸುರುಳಿ ಅವರ ಮನೆಯ ಜಗಲಿಯಲ್ಲಿ ವರ್ಷವಿಡೀ ಮಲಗಿರುತ್ತಿತ್ತು. ಭಾನುವಾರ ಬೆಳಿಗ್ಗೆ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಿದ್ದರು. ಇವರು ಸುತ್ತಿಗೆ ಹಿಡಿದು, ಒಂದು ಮೊಳೆ ಹೊಡೆದು, ಎದುರು ಕೊನೆಗೆ ನಡೆದು, ಎಳೆದು, ಇನ್ನೊಂದು ಹೊಡೆದು, ಮತ್ತೆ ಈ ಕೊನೆಗೆ ಬರುತ್ತಿದ್ದರು. ಒಂದು ಗಂಟೆ ಹೀಗೆ ಓಡಾಡದೆ ಅವರಿಗೆ ತೃಪ್ತಿಯಿಲ್ಲ. "ಮ್ಯಾಟು ಸಡಿಲ ಆದ್ರೆ ಬಾಲು ಸುಳ್ಳು ಹೇಳುತ್ತೆ" ಎಂಬುದು ಅವರ ಮಾತು.

ನನ್ನನ್ನು ಅಂಪೈರ್ ಮಾಡಿದ್ದೂ ಅವರೇ. "ನಿಮ್ಮ ಹತ್ರ ವಾಚಿದೆ, ಸಿಟ್ಟಿದೆ. ಇನ್ನೇನ್ ಬೇಕು ಸಾರ್?" ನಾನು ನಿಯಮದ ಪುಸ್ತಕ ತರಿಸಿ ಎರಡು ಸಲ ಓದಿದೆ. ಎಡಗಡೆ ಜೇಬಿನಲ್ಲಿ ಆರು ಹುಣಸೆ ಬೀಜ ಇಟ್ಟುಕೊಂಡು, ಬಾಲಿಗೊಂದರಂತೆ ಬಲಗಡೆ ಜೇಬಿಗೆ ಹಾಕುತ್ತ ಎಣಿಸುತ್ತಿದ್ದೆ. ಒಂದು ಓವರಿನಲ್ಲೂ ತಪ್ಪಲಿಲ್ಲ.

ಈಗ ಅವರ ಅಪ್ಪನ ಪುಸ್ತಕದ ವಿಷಯ.

ಅದು ಉದ್ದನೆಯ ಹಳೆಯ ಲೆಡ್ಜರು. ಅದರ ತುಂಬ ಇಂಗ್ಲಿಷ್ ಪತ್ರಿಕೆಗಳ ಕಟಿಂಗು, ಗೋಧಿಹಿಟ್ಟಿನ ಅಂಟಿನಲ್ಲಿ ಅಂಟಿಸಿದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಒಂದು ಕ್ರಿಕೆಟ್ ತಂಡ ಹಡಗು ಹತ್ತಿ ದಕ್ಷಿಣ ಆಫ್ರಿಕಕ್ಕೆ ಹೋಗಿ ಆಡಿತು. ಆ ಪ್ರವಾಸದ ವರದಿಗಳು ಅವು. ಹಡಗು ಬಿಟ್ಟಿದ್ದು, ಡೆಕ್ಕಿನ ಮೇಲೆ ಆಟಗಾರರು ವ್ಯಾಯಾಮಕ್ಕೆ ಸುತ್ತು ಹಾಕಿದ್ದು, ಇಳಿದ ಮೇಲೆ ಊರೂರಿನಲ್ಲಿ ಆಡಿದ್ದು, ಎಲ್ಲ ಸಾಲಾಗಿ ಇತ್ತು. ಹಡಗಿನ ಪುಟ ಬಂದಾಗಲೆಲ್ಲ ಇವರು ಚಡಪಡಿಸುತ್ತಿದ್ದರು. "ವಾರಗಟ್ಟಲೆ ಆ ಡೆಕ್ಕಿನ ಮೇಲೆ! ನಾನಾಗಿದ್ರೆ ನೀರಿಗೆ ಹಾರ್ಬಿಡ್ತಿದ್ದೆ."

ಅಪ್ಪ ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಬಿಳಿಯರ ಒಂದು ಕ್ಲಬ್ಬಿನಲ್ಲಿ ಓದುವ ಕೋಣೆಯ ಆಳು. ಲಂಡನ್ನಿನ ದಿನಪತ್ರಿಕೆಗಳು ಹಡಗಿನಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು. ಕಟ್ಟನ್ನು ಒಮ್ಮೆಗೇ ಬಿಚ್ಚುವಂತಿರಲಿಲ್ಲ. ತಾರೀಕಿನ ಪ್ರಕಾರ ದಿನಕ್ಕೊಂದು ಪತ್ರಿಕೆ ತೆಗೆದು ಮೇಜಿನ ಮೇಲಿಡಬೇಕು. ವಾರಗಳಷ್ಟು ಹಳೆಯದಾದರೂ ದೊರೆಗಳು ಅದನ್ನು ಅಂದಿನ ಪತ್ರಿಕೆಯಂತೆ ಓದುತ್ತಿದ್ದರು. ಓದಿ ಮುಗಿದ ಮೇಲೆ ಅದು ರದ್ದಿ. ಅಪ್ಪ ಕತ್ತರಿಸಿಕೊಳ್ಳುತ್ತಿದ್ದದ್ದು ಆ ರದ್ದಿಯಿಂದ.

ಮೊದಲ ದೊಡ್ಡ ಪಂದ್ಯ ಬಂತು. ಕೊನೆಯ ದಿನ, ಗೆಲ್ಲಲು ಓಡುತ್ತಿರುವುದು ದಕ್ಷಿಣ ಆಫ್ರಿಕದ ತಂಡ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಬಂದ ತಂತಿ ಸುದ್ದಿ ನಾಲ್ಕು ಸಾಲಿನಷ್ಟೆ: ಒಂಬತ್ತು ವಿಕೆಟ್ ಹೋಗಿದೆ, ಇನ್ನೂ ನಲವತ್ತೈದು ರನ್ ಬೇಕು, ಒಬ್ಬ ಎಡಗೈ ಬ್ಯಾಟ್ಸ್‌ಮನ್ ನಿಂತಿದ್ದಾನೆ, ಕೊನೆಯವನಾಗಿ ಕ್ಯಾಪ್ಟನ್ನೇ ಬರುತ್ತಿದ್ದಾನೆ. ಅಪ್ಪ ಅದನ್ನು ಅಂಟಿಸಿದರು. ಮರುದಿನದ ಪತ್ರಿಕೆ ಕಟ್ಟಿನಲ್ಲೇ ಇತ್ತು. ಒಂದು ರಾತ್ರಿ ಕಾದಿದ್ದರೆ ಸಾಕಿತ್ತು. ಕಾಯಲಾಗಲಿಲ್ಲ. ಕಟ್ಟಿನ ಹುರಿ ಬಿಚ್ಚಿ ಒಳಗಿನ ಪತ್ರಿಕೆ ಎಳೆಯುವಾಗ ಕಾರ್ಯದರ್ಶಿಯ ಕೈಗೆ ಸಿಕ್ಕಿಬಿದ್ದರು. ದೊರೆಗಳಿಗಿಂತ ಮುಂಚೆ ಅವರ ಪತ್ರಿಕೆ ಬಿಡಿಸಿದ ತಪ್ಪಿಗೆ ಅವತ್ತೇ ಕೆಲಸ ಹೋಯಿತು. ಆಮೇಲೆ ಬಳೇಪೇಟೆಯ ಬಟ್ಟೆ ಅಂಗಡಿಯಲ್ಲಿ ಥಾನು ಮಡಿಸುತ್ತ ಮುದುಕರಾದರು.

"ನಿಮ್ಮಪ್ಪನಿಗೆ ಕೊನೆಗೆ ಏನಾಯ್ತು ಅಂತ ಗೊತ್ತಾಯ್ತಾ?" ಎಂದು ನಾನು ಕೇಳಿದ್ದೆ.

"ಗೊತ್ತಿಲ್ಲ. ಕೇಳಿದ್ರೆ ಎದ್ದು ಹೋಗ್ಬಿಡ್ತಿದ್ರು."

"ನೀವು ಯಾವುದಾದ್ರೂ ಪುಸ್ತಕದಲ್ಲಿ ನೋಡಬಹುದಲ್ಲ? ಐದು ನಿಮಿಷದ ಕೆಲಸ."

ಅವರು ನಡೆಯುತ್ತಿದ್ದವರು ನಡೆಯುತ್ತಲೇ ಹೇಳಿದರು: "ನಮ್ಮಪ್ಪ ಕಾಯ್ಲಿಲ್ಲ. ನಾನು ಕಾಯ್ತೀನಿ. ನನ್ನ ಕೈಲಿ ಇನ್ಯಾವುದಕ್ಕೂ ಕಾಯೋಕೆ ಆಗಲ್ಲ ಸಾರ್, ಇದೊಂದಕ್ಕೆ ಆಗುತ್ತೆ."

ಏನಕ್ಕೆ ಕಾಯುತ್ತಿದ್ದರು ಎಂದರೆ ನಾನು ಹೇಳಲಾರೆ. ಆದರೆ ಕಾಯುವುದಕ್ಕೆ ಅವರೊಂದು ಕ್ರಮ ಮಾಡಿಕೊಂಡಿದ್ದರು. ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ, ನಮ್ಮ ಬಯಲಿನಲ್ಲಿ, ಆ ಪಂದ್ಯ ಎಲ್ಲಿ ನಿಂತಿತ್ತೋ ಅಲ್ಲಿಂದ ಕ್ಲಬ್ಬಿನವರು ಅದನ್ನು ಮುಂದುವರಿಸಿ ಆಡುತ್ತಿದ್ದರು. ಅಲ್ಲಿಯೂ ಮ್ಯಾಟಿನ ಪಿಚ್ಚು, ಹುಲ್ಲಿಲ್ಲದ ಕೆಂಪು ನೆಲ ಎಂದು ವರದಿಯಲ್ಲಿತ್ತು. "ಇದೇ ಸಾರ್, ನಮ್ಮ ಜಯನಗರಾನೇ!" ಎನ್ನುತ್ತಿದ್ದರು. ಹನ್ನೊಂದು ಜನ ಇಂಗ್ಲೆಂಡಿನವರಾಗಿ ಫೀಲ್ಡಿಗೆ ನಿಲ್ಲುವರು. ಇಬ್ಬರು ಮಾತ್ರ ದಕ್ಷಿಣ ಆಫ್ರಿಕದವರು. ಇವರು ಪುಸ್ತಕ ತೆರೆದು, ನಿಂತುಕೊಂಡೇ, ಕೊನೆಯ ಕಟಿಂಗನ್ನು ಕನ್ನಡದಲ್ಲಿ ಓದುವರು.

"ನಲವತ್ತೈದು ಬೇಕು, ಒಂಬತ್ತು ಹೋಗಿದೆ. ಆಡ್ರಪ್ಪಾ."

ಎಡಗೈಯವನ ಪಾತ್ರ ಒಬ್ಬ ಬ್ಯಾಂಕ್ ಗುಮಾಸ್ತನದು. ಕೊನೆಯವನು ಸಿಟಿ ಬಸ್ಸಿನ ಕಂಡಕ್ಟರ್, ನಮ್ಮ ಕ್ಲಬ್ಬಿನಲ್ಲಿ ಯಾವತ್ತೂ ಹನ್ನೊಂದನೆಯವನೇ. "ಮಿಕ್ಕ ದಿನ ಎಲ್ರೂ ನನ್ನನ್ನ ಬಾಲ ಅಂತಾರೆ. ಇವತ್ತು ನಾನು ಕ್ಯಾಪ್ಟನ್ ಗುರು, ಸಲ್ಯೂಟ್ ಹೊಡೀರಿ" ಎಂದು ಪ್ಯಾಡು ಕಟ್ಟುತ್ತಿದ್ದ. ಯಡಿಯೂರಿನ ಒಬ್ಬ ಟೈಲರ್ ಲೆಗ್ ಸ್ಪಿನ್ ಹಾಕುತ್ತಿದ್ದ. ಅವನನ್ನು ನಲವತ್ತೈದು ರನ್ನಿನಷ್ಟು ತಡೆಯುವುದು ಆ ಇಬ್ಬರ ಕೈಲಿ ಆಗುತ್ತಿರಲಿಲ್ಲ. ಹತ್ತಕ್ಕೋ, ಹತ್ತೊಂಬತ್ತಕ್ಕೋ, ಒಂದು ವರ್ಷ ಮೂವತ್ತೊಂದಕ್ಕೋ ಮುಗಿಯುತ್ತಿತ್ತು. ಅಷ್ಟು ಹೊತ್ತೂ ಇವರು ಬೌಂಡರಿಯ ಸುತ್ತ ನಡೆಯುತ್ತಿರುವರು. ಔಟಾದ ಮೇಲೆ ಬಂದು, "ಸರಿ, ಮುಂದಿನ ವರ್ಷ" ಎಂದು ಮೊಳೆ ಕೀಳಲು ಶುರು ಮಾಡುವರು. ಸೋತರೂ ಅವರ ಮುಖದಲ್ಲಿ ಒಂದು ನಿರಾಳ ಇರುತ್ತಿತ್ತು. ಪಂದ್ಯ ಇನ್ನೂ ಅವರ ಪಾಲಿಗೆ ಮುಗಿದಿರಲಿಲ್ಲವಲ್ಲ.

ನನಗೆ ಮಾತ್ರ ಅದು ಮುಳ್ಳು. ಅರ್ಧಕ್ಕೆ ನಿಂತ ಕೆಲಸವೆಂದರೆ ನನಗೆ ಆಗದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಪುಸ್ತಕ ಹಿಂದಿರುಗಿಸಲು ನಗರದ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರಿಂದ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಎದುರಿನ ಬೀರುವಿನಲ್ಲಿ ಕ್ರಿಕೆಟ್ಟಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ತೆಗೆಯಬಾರದು ಎಂದುಕೊಂಡೆ. ತೆಗೆದೆ. ಪುಟ ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಂದೇ ವಿಕೆಟ್ಟು ಉಳಿದಿದ್ದಾಗ ದಕ್ಷಿಣ ಆಫ್ರಿಕದವರು ಗೆದ್ದಿದ್ದರು. ಆ ಕೊನೆಯ ಜೋಡಿಯೇ ನಲವತ್ತೈದನ್ನೂ ಹೊಡೆದು ಮುಗಿಸಿತ್ತು.

ನಮ್ಮವರ ಕೈಲಿ ಒಂದು ವರ್ಷವೂ ಆಗದೆ ಇದ್ದದ್ದು ಅಲ್ಲಿ ನಿಜವಾಗಿ ಆಗಿತ್ತು.

ಪುಸ್ತಕ ಮುಚ್ಚಿಟ್ಟೆ. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಐದೂವರೆಗೆ ಅವರು ನಮ್ಮ ಗೇಟಿಗೆ ಬರುತ್ತಿದ್ದರು, ಇಬ್ಬರೂ ಕೆರೆಯ ಕಡೆ ವಾಕಿಂಗ್ ಹೋಗುತ್ತಿದ್ದೆವು. ಅವರು ಯಾವುದೋ ಮನೆಯ ನಾಯಿಯ ಕಥೆ ಹೇಳುತ್ತಿದ್ದರೆ ನನ್ನ ನಾಲಿಗೆಯ ತುದಿಯಲ್ಲಿ ಅದೊಂದೇ ಮಾತು. ಹೇಳಿದರೆ ಅವರ ಕಾಯುವಿಕೆ ಮುಗಿಯಿತು. ಹೇಳದಿದ್ದರೆ ನಾನು ಅವರ ಪಕ್ಕದಲ್ಲಿ ಕಳ್ಳನ ಹಾಗೆ ನಡೆಯಬೇಕು. ಆ ದಿನಗಳಲ್ಲಿ ಒಂದು ಭಾನುವಾರ ಗಡಿಯಾರಕ್ಕೆ ಕೀ ಕೊಡುವುದನ್ನೇ ಮರೆತೆ. ಸೋಮವಾರ ಬೆಳಿಗ್ಗೆ ಅದು ನಿಂತಿತ್ತು. ನನ್ನ ಹೆಂಡತಿ ಗಡಿಯಾರವನ್ನೂ ನನ್ನನ್ನೂ ನೋಡಿ, "ಮೈ ಹುಷಾರಿಲ್ವಾ?" ಎಂದು ಕೇಳಿದಳು.

ಜನವರಿ ಬಂತು.

ಅವತ್ತು ಟೈಲರ್ ಕೈಗೆ ಯಾಕೋ ಹಿಡಿತ ಸಿಗಲಿಲ್ಲ. ಬ್ಯಾಂಕ್ ಗುಮಾಸ್ತ ಎರಡು ಮೂರು ಸಲ ಲೆಗ್ ಕಡೆ ಎತ್ತಿ ಹೊಡೆದ. ಕಂಡಕ್ಟರ್ ಬ್ಯಾಟನ್ನು ನೆಲಕ್ಕೆ ನೆಟ್ಟಂತೆ ಹಿಡಿದು ನಿಂತ. ಇಪ್ಪತ್ತಾಯಿತು, ಮೂವತ್ತಾಯಿತು. ಮೂವತ್ತೊಂದು ದಾಟಿದಾಗ ಫೀಲ್ಡಿನಲ್ಲಿದ್ದವರೂ ಮಾತು ನಿಲ್ಲಿಸಿದರು. ನಲವತ್ತೊಂದಾಯಿತು. ಇನ್ನು ನಾಲ್ಕು.

ಟೈಲರ್ ಹಾಕಿದ ಬಾಲು ಮ್ಯಾಟಿನ ಮೇಲೆ ಬಿದ್ದು ತಿರುಗಿ ಹೊರಗೆ ಹೋಯಿತು. ಕಂಡಕ್ಟರ್ ಮುಂದೆ ಚಾಚಿದ. 'ಟಿಕ್' ಎಂದು ಸದ್ದು. ಕೀಪರ್ ಹಿಡಿದ. ಹನ್ನೊಂದು ಜನ ಒಟ್ಟಿಗೆ ಕೂಗಿದರು. ಕಂಡಕ್ಟರ್ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಡಲು ಎರಡು ಹೆಜ್ಜೆಯನ್ನೂ ಇಟ್ಟಿದ್ದ.

ನನ್ನ ಬೆರಳು ಏಳಲಿಲ್ಲ.

ಸದ್ದು ಕೇಳಿರಲಿಲ್ಲ ಎಂದಲ್ಲ. ಚೆನ್ನಾಗಿ ಕೇಳಿತ್ತು. ಆದರೆ ಅಲ್ಲಿ ಆ ಜೋಡಿ ಔಟಾಗಿರಲಿಲ್ಲ, ಗೆದ್ದಿತ್ತು, ಅದು ಅಚ್ಚಾಗಿದೆ, ನಾನು ಓದಿದ್ದೇನೆ ಎಂಬುದೊಂದೇ ಆ ಕ್ಷಣದಲ್ಲಿ ನನ್ನ ತಲೆಯಲ್ಲಿತ್ತು. ದಾಖಲೆಗೆ ವಿರುದ್ಧವಾಗಿ ಬೆರಳೆತ್ತುವುದು ನನ್ನಂಥವನ ಕೈಲಿ ಆಗಲಿಲ್ಲ.

"ನಾಟ್ ಔಟ್" ಎಂದೆ.

"ಏನ್ ಸಾರ್!" ಎಂದ ಟೈಲರ್. "ಅವನೇ ಮನೆಗೆ ಹೊರಟಿದ್ದಾನೆ, ನೀವು ವಾಪಸ್ ಕರೀತಿದ್ದೀರಲ್ಲ!"

"ಹೋಗೋನನ್ನ ಯಾಕ್ ತಡೀತೀರಿ ಅಂಪೈರ್ ಸಾರ್, ಬಸ್ ಹೊರಟ್ಬಿಟ್ಟಿದೆ" ಎಂದ ಕಂಡಕ್ಟರ್, ನಗಬೇಕೋ ಬೇಡವೋ ತಿಳಿಯದೆ.

"ನಾಟ್ ಔಟ್ ಅಂದ್ನಲ್ಲ. ಆಡು" ಎಂದು ಗದರಿದೆ. ಒಂದು ಹುಣಸೆ ಬೀಜವನ್ನು ಬಲ ಜೇಬಿಗೆ ಹಾಕಿದೆ.

ಮುಂದಿನ ಬಾಲನ್ನು ಕಂಡಕ್ಟರ್ ಕಣ್ಣು ಮುಚ್ಚಿಕೊಂಡು ಬೀಸಿದನೋ ಏನೋ, ಅದು ಕವರ್ಸ್ ದಾಟಿ ಕೆರೆಯ ಏರಿಯ ಕಡೆ ಓಡಿತು. ನಾಲ್ಕು. ಮೊದಲ ಸಲ ನಲವತ್ತೈದು ಆಗಿತ್ತು. ಟೈಲರ್ ಸಿಟ್ಟು ಮರೆತು ಕಂಡಕ್ಟರನನ್ನು ಹೆಗಲಿಗೆತ್ತಿಕೊಂಡ. ಇಂಗ್ಲೆಂಡಿನವರಾಗಿದ್ದವರೂ ಕುಣಿದರು.

ಬೌಂಡರಿಯ ಸುತ್ತ ನಡೆಯುತ್ತಿದ್ದವರು ನಿಂತುಬಿಟ್ಟಿದ್ದರು. ಅಪೀಲಿನ ಹೊತ್ತಿಗೇ ನಿಂತಿದ್ದರೆಂದು ಕಾಣುತ್ತದೆ. ಗಲಾಟೆಯ ನಡುವೆ ನಿಧಾನವಾಗಿ ಬಂದು, ಬ್ಯಾಟ್ಸ್‌ಮನ್ ನಿಲ್ಲುವ ಕಡೆ, ಮ್ಯಾಟಿನ ಮೇಲೆ ಕೂತರು. ಮಂಡಿ ಮಡಿಸಿ, ಎರಡೂ ಕೈ ನೆಲದ ಮೇಲಿಟ್ಟು, ಅಲ್ಲಾಡದೆ ಕೂತರು. ನಾನು ಹತ್ತಿರ ಹೋದೆ.

"ಯಾವಾಗ ಓದಿದ್ರಿ ಸಾರ್?" ಎಂದರು.

ಅಷ್ಟು ಸ್ಪಷ್ಟವಾದ ಔಟನ್ನು ನಾನು ಕೊಡಲಿಲ್ಲ ಎಂದರೆ ಅದಕ್ಕೆ ಒಂದೇ ಕಾರಣ ಇರಬಹುದೆಂದು ಅವರಿಗೆ ತಿಳಿದುಹೋಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದರು.

"ಬೇಡ. ನಾನು ಕೇಳ್ಲಿಲ್ಲ. ನೀವು ಹೇಳ್ಲಿಲ್ಲ."

ಆ ದಿನ ಮೊಳೆ ಕಿತ್ತದ್ದು ಹುಡುಗರು. ಅವರು ಕೂತೇ ಇದ್ದರು. ಮ್ಯಾಟು ಸುತ್ತಲು ಅವರನ್ನೇ ಏಳಿಸಬೇಕಾಯಿತು.

ಮರುದಿನ ಐದೂವರೆಗೆ ನಾನು ಗೇಟಿನಲ್ಲಿ ನಿಂತೆ. ಬರಲಿಲ್ಲ. ಆರರವರೆಗೆ ನಿಂತೆ. ಆ ವಾರವೆಲ್ಲ ಹಾಗೆಯೇ. ತಿಂಗಳಿಗೊಮ್ಮೆ ಮೀಟರ್ ಓದಲು ಬರುತ್ತಿದ್ದರು. ಅದೂ ನನಗೆ ಬೇಕಾದಂತೆ ಸರಿಯಾಗಿ ಎಂಟು ಗಂಟೆಗೆ. ಅಂಕಿ ಬರೆದು, "ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಕಾಫಿ ಬೇಡವೆನ್ನುತ್ತಿದ್ದರು. ಅವರು ಹೊತ್ತಿಗೆ ಸರಿಯಾಗಿ ಬಂದಷ್ಟೂ ನನಗೆ ಹಿಂಸೆ. ಕಾಂಪೌಂಡ್ ಗೋಡೆಯ ಮೇಲೆ ಲೋಟ ಕಾಣದೆ ನನ್ನ ಹೆಂಡತಿಗೂ ಬೇಸರ. "ಏನಾಯ್ತು ನಿಮ್ಮಿಬ್ರಿಗೆ?" ಎಂದು ಕೇಳುತ್ತಿದ್ದಳು. ಎಪ್ಪತ್ತು ವರ್ಷದ ಹಿಂದಿನ ಒಂದು ಕ್ರಿಕೆಟ್ ಪಂದ್ಯಕ್ಕೆ ಹೀಗಾಯಿತೆಂದು ಅವಳಿಗೆ ಹೇಗೆ ಹೇಳುವುದು?

ಹೀಗೆ ಹನ್ನೊಂದು ತಿಂಗಳ ಮೇಲಾಯಿತು. ಡಿಸೆಂಬರಿನ ಕೊನೆಯ ಭಾನುವಾರ ತಡೆಯಲಾರದೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿದ್ದರು.

"ಇದ್ದಾರಾ?"

"ಒಳಗೂ ಇಲ್ಲ, ಹೊರಗೂ ಇಲ್ಲ ಅಣ್ಣ. ಮಧ್ಯ ಎಲ್ಲೋ ಓಡಾಡ್ತಿದ್ದಾರೆ. ನೋಡಿ ಹೋಗಿ."

ಹಿತ್ತಲಿನಲ್ಲಿ ಮ್ಯಾಟನ್ನು ಬಿಡಿಸಿ ಹಾಕಿದ್ದರು. ಗೋಣಿ ಸೂಜಿ ಹಿಡಿದು ಅದರ ಹರುಕು ಹೊಲಿಯುತ್ತಿದ್ದರು. ನಾಲ್ಕು ಹೊಲಿಗೆ ಹಾಕುವುದು, ಎದ್ದು ಇನ್ನೊಂದು ಕೊನೆಗೆ ಹೋಗುವುದು. ಅದನ್ನು ನೋಡಿ ನನಗೆ ಜೀವ ಬಂದಂತಾಯಿತು.

"ನಾನು ನೋಡಬಾರದಿತ್ತು" ಎಂದೆ. ಅಷ್ಟು ತಿಂಗಳಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಅದೊಂದೇ.

ಅವರು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಾರದ ಸಿಕ್ಕು ಬಿಡಿಸಿದರು. ಆಮೇಲೆ ಹೇಳಿದರು:

"ನೋಡಿದ್ದು ತಪ್ಪಲ್ಲ ಸಾರ್. ನಮ್ಮಪ್ಪನೂ ನೋಡ್ಬೇಕು ಅಂತಾನೇ ತಾನೆ ಕೈ ಹಾಕಿದ್ದು? ಯಾರಿಗೆ ತಡೆಯುತ್ತೆ ಹೇಳಿ. ಆದ್ರೆ ನೀವು ಔಟ್ ಕೊಡ್ಲಿಲ್ಲವಲ್ಲ, ಅದು ತಪ್ಪು. ಅಲ್ಲಿ ಏನೇ ಆಗಿರ್ಲಿ, ನಮ್ಮ ಮ್ಯಾಟಿನ ಮೇಲೆ ಅವನು ಔಟು. ನೀವು ಕಣ್ಣಲ್ಲಿ ನೋಡಿದ್ದನ್ನ ಬಿಟ್ಟು ಪುಸ್ತಕದಲ್ಲಿ ಓದಿದ್ದನ್ನ ಕೊಟ್ರಿ."

"ಹೌದು."

"ಅಂದಾಜು ಬರೆದ ಹಾಗಾಯ್ತು ಅದು."

ನಾನು ತಲೆ ತಗ್ಗಿಸಿದೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದು ನಿಮಿಷ ಹೆಚ್ಚು ಕಡಿಮೆ ಬರೆಯದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

"ಮುಂದಿನ ಭಾನುವಾರ ಎಂಟಕ್ಕೆ ಬನ್ನಿ" ಎಂದರು. "ಔಟಾದ್ರೆ ಔಟ್ ಕೊಡಿ. ಅಷ್ಟೆ."

ಆ ಭಾನುವಾರ ಕಂಡಕ್ಟರ್ ಇಪ್ಪತ್ತೆಂಟಕ್ಕೆ ಕಾಲು ಮುಂದಿಟ್ಟು ಎಲ್‌ಬಿಡಬ್ಲ್ಯೂಗೆ ಸಿಕ್ಕಿಕೊಂಡ. ಟೈಲರ್ ಕೂಗು ಮುಗಿಯುವ ಮೊದಲೇ ನನ್ನ ಬೆರಳು ಮೇಲಿತ್ತು. "ಅಂಪೈರ್ ಸಾರ್, ಹೋದ ವರ್ಷದ್ದೂ ಸೇರಿಸಿ ಕೊಟ್ಟಂಗಿದೆ!" ಎಂದು ಕಂಡಕ್ಟರ್ ಕೂಗಿದಾಗ ಎಲ್ಲರ ಜೊತೆ ಬೌಂಡರಿಯಲ್ಲಿದ್ದವರೂ ನಕ್ಕರು. ಬಂದು, "ಸರಿ, ಮುಂದಿನ ವರ್ಷ" ಎಂದು ಸುತ್ತಿಗೆ ತೆಗೆದುಕೊಂಡರು. ಸೋಮವಾರ ಐದೂವರೆಗೆ ಗೇಟಿನ ಸದ್ದಾಯಿತು.

ಅದಾದ ಮೇಲೆ ಅವರು ನಿವೃತ್ತರಾದರು. ಕೆಲಸವಿಲ್ಲದೆ ಕೂರುವುದನ್ನು ಕಲಿಯುತ್ತಾರೆ ಎಂದುಕೊಂಡಿದ್ದೆವು. ಕಲಿಯಲಿಲ್ಲ. ಬೆಳಿಗ್ಗೆ ಹೊಸಕೆರೆಹಳ್ಳಿ, ಸಂಜೆ ಕೋಣನಕುಂಟೆಯ ದಾರಿ. ಹಳೆಯ ಅಭ್ಯಾಸದಂತೆ ಗೊತ್ತಿದ್ದವರ ಮನೆಗೆ ಹೋಗಿ ಮೀಟರನ್ನು ಸುಮ್ಮನೆ ನೋಡಿ ಬರುತ್ತಿದ್ದರಂತೆ. ಬಯಲಿಗೆ ಬೇಲಿ ಬಂತು, ಕಟ್ಟಡ ಎದ್ದಿತು. ಮ್ಯಾಟು ಜಗಲಿಯಲ್ಲೇ ಉಳಿಯಿತು. ಜನವರಿಯ ಮೊದಲ ಭಾನುವಾರ ಮಾತ್ರ ಬಿಡಲಿಲ್ಲ. ಕಂಡಕ್ಟರನ ಮನೆಯ ಮುಂದಿನ ರಸ್ತೆಯಲ್ಲಿ, ಟೆನ್ನಿಸ್ ಬಾಲಿನಲ್ಲಿ, ನಾಲ್ಕೇ ಜನ ಸೇರಿ ಆಡಿದ್ದೂ ಉಂಟು. ನಾನು ಹುಣಸೆ ಬೀಜ ಇಟ್ಟುಕೊಂಡು ನಿಂತಿದ್ದೆ. ನಲವತ್ತೈದು ಮತ್ತೆ ಆಗಲಿಲ್ಲ.

ಹೃದಯ ನಿಂತದ್ದೂ ನಡೆಯುವಾಗಲೇ. ಹಾಲು ತರಲು ಹೋದವರು ಬೂತಿನ ಮುಂದೆ ಬಿದ್ದರು.

ವೈಕುಂಠ ಸಮಾರಾಧನೆ ಕಳೆದು ನಾಲ್ಕು ದಿನಕ್ಕೆ ಅವರ ಹೆಂಡತಿ ಹೇಳಿಕಳಿಸಿದರು. ಹೋದೆ. ಹಜಾರದಲ್ಲಿ ಅವರ ಫೋಟೋ, ಗಂಧದ ಹಾರ. ಫೋಟೋದಲ್ಲೂ ಈಗಲೋ ಆಗಲೋ ಏಳುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನನ್ನನ್ನು ಒಳಗಿನ ಕೋಣೆಗೆ ಕರೆದು ಆ ಲೆಡ್ಜರನ್ನು ಕೈಗೆ ಕೊಟ್ಟರು.

"ಇದು ನಿಮಗೇ ಅಂತ ಹೇಳಿದ್ರು ಅಣ್ಣ."

ನಾನು ಕೊನೆಯ ಕಟಿಂಗಿಗೆ ತಿರುಗಿಸಿದೆ. ನಾಲ್ಕು ಸಾಲು, ಕಂದುಬಣ್ಣಕ್ಕೆ ತಿರುಗಿದ ಕಾಗದ. ಎದುರಿನ ಪುಟ ಯಾವಾಗಲೂ ಖಾಲಿ ಎಂದು ತಿಳಿದಿದ್ದೆ. ಖಾಲಿ ಇರಲಿಲ್ಲ. ಮೀಟರ್ ಪುಸ್ತಕದಲ್ಲಿ ಬರೆಯುವ ದಪ್ಪ ಅಕ್ಷರದಲ್ಲಿ, ಒಂದರ ಕೆಳಗೊಂದು, ವರ್ಷ ಹಾಕಿ ಬರೆದಿದ್ದರು. ಬಾಗಿಲು ಹಾಕಿದೆ. ಬಾಗಿಲು ಹಾಕಿದೆ. ಬಾಗಿಲು ಹಾಕಿದೆ. ನನ್ನ ಬೆರಳು ಏಳದ ಆ ವರ್ಷದ ಎದುರು ಮಾತ್ರ ಬೇರೆ: 'ಬಾಗಿಲು ತೆರೆದಿತ್ತು. ಒಳಗೆ ಹೋಗಲಿಲ್ಲ.' ಅದರ ಕೆಳಗೆ ಮತ್ತೆ ಮೊದಲಿನಂತೆ, ಈ ಜನವರಿಯವರೆಗೂ.

ನಾನು ಪುಸ್ತಕ ಮುಚ್ಚಿ ಕನ್ನಡಕ ಒರೆಸಿಕೊಳ್ಳುತ್ತ ಕೂತೆ. ಅವರ ಹೆಂಡತಿ ಎದುರು ನಿಂತಿದ್ದರು.

"ಒಂದು ಕೇಳ್ಲಾ ಅಣ್ಣ? ನಿಮಗೆ ಗೊತ್ತಲ್ವಾ, ಕೊನೆಗೆ ಏನಾಯ್ತು ಅಂತ?"

"ಗೊತ್ತು."

"ಮೂವತ್ತೈದು ವರ್ಷ ಕೇಳಿದೀನಿ ಆ ನಲವತ್ತೈದು ಬೇಕು ಅನ್ನೋದನ್ನ. ನಿದ್ದೇಲೂ ಅದೇ. ಇವರು ಕಾಯ್ಲಿ, ನಾನ್ಯಾಕೆ ಕಾಯ್ಬೇಕು? ಹೇಳಿ."

ಹೇಳಲು ಬಾಯಿ ತೆರೆದೆ.

"ತಾಳಿ, ತಾಳಿ" ಎಂದರು. ಸರಸರ ಹೋಗಿ, ಹಜಾರದ ಕಡೆ, ಫೋಟೋ ಇರುವ ಕಡೆ ಒಮ್ಮೆ ನೋಡಿ, ನಡುವಿನ ಬಾಗಿಲನ್ನು ಮುಚ್ಚಿ ಚಿಲಕ ಹಾಕಿ ಬಂದರು.

"ಈಗ ಹೇಳಿ" ಎಂದರು.